ಎರಡು ಬೆರಳು, ಒಂದು ಕೈ

ರಾಜಲಕ್ಷ್ಮಮ್ಮನಿಗೆ ಎರಡು ಬೆರಳು ಹೋಗಿದ್ದವು. ಜುಂಜಮ್ಮನಿಗೆ ಕೈಯೇ ಹೋಗಿತ್ತು. ಆದರೂ ಹೊಟ್ಟೆಕಿಚ್ಚು ಪಡುತ್ತಿದ್ದವಳು ಜುಂಜಮ್ಮ.

ನಗುವವರು ನಗಲಿ. ಹೊಟ್ಟೆ ತುಂಬಿದವರಿಗೆ ಹೊಟ್ಟೆಕಿಚ್ಚು ಪಾಪವಾಗಿ ಕಾಣುತ್ತದೆ. ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ತಿರುವಿನಲ್ಲಿ ಉರುಳಿ, ಒಂದೇ ಕಿಟಕಿಯ ಕಬ್ಬಿಣಕ್ಕೆ ಬಲಗೈ ಕೊಟ್ಟು ಬಂದ ಇಬ್ಬರಲ್ಲಿ ಒಬ್ಬಳನ್ನು ದುಡಿಯುವ ಹೆಂಗಸು ಎಂದೂ ಇನ್ನೊಬ್ಬಳನ್ನು ಕಸುಬಿಲ್ಲದವಳು ಎಂದೂ ಕೋರ್ಟಿನಲ್ಲಿ ಬರೆದರೆ, ಆ ಎರಡನೆಯವಳು ಏನು ಮಾಡಬೇಕಿತ್ತು? ಮಂಗಳಾರತಿ ಎತ್ತಬೇಕಿತ್ತೇ?

ಶಿರಾದಿಂದ ಮದಲೂರು ಕಡೆಗೆ ಹೋಗುವ ಖಾಸಗಿ ಬಸ್ಸು ಅದು. ರಾಜಲಕ್ಷ್ಮಮ್ಮ ಕಿಟಕಿ ಪಕ್ಕದ ಸೀಟಿನಲ್ಲಿದ್ದಳು. ಜುಂಜಮ್ಮ ಅವಳ ಕಾಲ ಬಳಿ ಹಿಂಡಿಯ ಚೀಲದ ಮೇಲೆ ಕೂತು, ಬೀಳದಿರಲೆಂದು ಅದೇ ಕಿಟಕಿಯ ಸರಳು ಹಿಡಿದಿದ್ದಳು. ಪಕ್ಕದ ಸೀಟು ಖಾಲಿಯಿತ್ತು. ಆದರೆ ಗೌಡರ ಮನೆಯವಳ ಸರಿಸಮ ಗೊಲ್ಲರ ಹಟ್ಟಿಯ ಹೆಂಗಸು ಕೂರುವ ರೂಢಿ ಆ ಊರಲ್ಲಿಲ್ಲ. ಚಾಲಕ ಫೋನಿನಲ್ಲಿ ಮಾತಾಡುತ್ತಾ ತಿರುಗಿಸಿದ. ಬಸ್ಸು ಕೆರೆ ಏರಿಯ ಕೆಳಗೆ ಮಗುಚಿತು. ಎರಡು ಕೈಗಳೂ ಒಟ್ಟಿಗೆ ಸಿಕ್ಕಿಕೊಂಡವು. ಮೇಲಿದ್ದ ಕೈಯ ಎರಡು ಬೆರಳು ತುಂಡಾದವು. ಕೆಳಗಿದ್ದ ಕೈ ಜಜ್ಜಿಹೋಗಿ, ಡಾಕ್ಟರು ಮೊಣಕೈಯ ಸ್ವಲ್ಪ ಕೆಳಗೇ ಕತ್ತರಿಸಿ ತೆಗೆದರು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ. ರಾಜಲಕ್ಷ್ಮಮ್ಮನನ್ನು ನೋಡಲು ಊರೇ ಬಂತು. ಎಳನೀರು ಬಂತು, ಮೂಸಂಬಿ ಬಂತು. "ಅಯ್ಯೋ, ಬಲಗೈ ಬೆರಳು ಕಣೇ ಲಕ್ಷ್ಮಿ, ಹೆಂಗೆ ಮುದ್ದೆ ಮುರಿತೀಯೇ" ಎಂದು ಓರಗಿತ್ತಿಯರು ಅತ್ತರು. ಜುಂಜಮ್ಮನ ಗಂಡ ಕಾಟಪ್ಪ ಕುರಿಗಳನ್ನು ಯಾರಿಗೋ ಒಪ್ಪಿಸಿ ಓಡಿ ಬಂದ. ಹೆಂಡತಿಯ ಮೊಂಡುಗೈ ನೋಡಿದ. "ಬತ್ತೀನಿ, ಕುರಿ ಕಾಯ್ತಾ ಅವೆ" ಎಂದು ಹೊರಟುಹೋದ. ಪಕ್ಕದ ಮಂಚದಿಂದ ಮೂಸಂಬಿಯ ವಾಸನೆ ಬರುತ್ತಿತ್ತು. ಜುಂಜಮ್ಮ ಗೋಡೆಯ ಕಡೆಗೆ ಮಗ್ಗುಲಾದಳು. ಹೊಟ್ಟೆಕಿಚ್ಚು ಹುಟ್ಟಿದ್ದು ಅಲ್ಲೇ.

ಜುಂಜಮ್ಮನ ಕಸುಬು ಏನೆಂದು ಕೋರ್ಟಿಗೆ ಗೊತ್ತಾಗಲಿಲ್ಲ. ನಿಮಗಾದರೂ ಗೊತ್ತಿರಲಿ. ಕಾಡುಗೊಲ್ಲರ ಹಟ್ಟಿಯ ಹೆಂಗಸು ಅವಳು. ಬೇಸಿಗೆ ಬಂತೆಂದರೆ ರೈತರ ಹೊಲಗಳಲ್ಲಿ ಕುರಿ ಮಂದೆ ಹಾಕುತ್ತಾಳೆ. ಸಂಜೆ ಗೂಟ ಹೊಡೆದು, ಸುತ್ತ ಬಲೆ ಕಟ್ಟಿ, ಒಳಗೆ ಕುರಿ ಕೂಡಬೇಕು. ಬೆಳಗಾಗುವಷ್ಟರಲ್ಲಿ ಅಷ್ಟು ನೆಲಕ್ಕೆ ಗೊಬ್ಬರ. ಮಾರನೆಯ ದಿನ ಗೂಟ ಕಿತ್ತು ಪಕ್ಕದ ನೆಲಕ್ಕೆ. ಹೊಲದವರು ರಾಗಿ ಅಳೆದು ಕೊಡುತ್ತಾರೆ. ರಾಜಲಕ್ಷ್ಮಮ್ಮನ ಗಂಡ ತಿಮ್ಮರಾಯಪ್ಪನ ಹೊಲದಲ್ಲಿ ಮಂದೆ ಬೀಳುತ್ತಿದ್ದುದು ಜುಂಜಮ್ಮನ ಅತ್ತೆಯ ಕಾಲದಿಂದ. ಆ ಹೊಲದ ರಾಗಿ ತೆನೆ ದಪ್ಪಗಿದ್ದರೆ ಅದರಲ್ಲಿ ಜುಂಜಮ್ಮನ ಬೆವರೂ ಇತ್ತು.

ಕೈ ಹೋದ ಮೇಲೂ ಕುರಿಗಳಿಗೆ ಸಂಜೆಯಾಗುತ್ತಿತ್ತು. ಗೂಟವನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ಎಡಗೈಯಲ್ಲಿ ಗುದ್ದುತ್ತಿದ್ದಳು. ಬಲೆಯ ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಗಂಟು ಹಾಕುತ್ತಿದ್ದಳು. ಒಂದು ಹಲ್ಲು ಮುರಿಯಿತು. ಒಂದು ದಿನ ಕುರಿಯೊಂದು ಈಯಲಾರದೆ ನರಳಿತು. ಒಳಗೆ ಮರಿ ಅಡ್ಡ ತಿರುಗಿತ್ತು. ಒಂದು ಕೈ ಒಳಗೆ ಹಾಕಿ ಇನ್ನೊಂದು ಕೈಯಲ್ಲಿ ಹೊಟ್ಟೆ ಒತ್ತಬೇಕು. ಜುಂಜಮ್ಮ ಮೊಂಡುಗೈಯಲ್ಲೇ ಒತ್ತಿದಳು. ಹೊಲಿಗೆ ಬಿಚ್ಚಿ ರಕ್ತ ಬಂತು. ಮರಿ ಸತ್ತೇ ಹುಟ್ಟಿತು. ಅವಳು ಅದರ ಪಕ್ಕದಲ್ಲೇ ಮಣ್ಣಿನಲ್ಲಿ ಕೂತು ಅತ್ತಳು.

ಅವತ್ತು ಹೊಲಕ್ಕೆ ಬಂದಿದ್ದ ರಾಜಲಕ್ಷ್ಮಮ್ಮ ಸಮಾಧಾನ ಹೇಳಿದಳು. "ನಿಂದು ಎಂಗೋ ಆಯ್ತದೆ ಬುಡು ಜುಂಜಿ. ಕುರಿ ಹಿಂದೆ ಓಡಾಡಾಕೆ ಕಾಲು ತಾನೆ ಬೇಕಿರದು? ನಂದು ನೋಡು, ಚಪಾತಿ ಲಟ್ಟಿಸಾಕೂ ಆಗ್ತಿಲ್ಲ."

ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಅಂದ ಮಾತಲ್ಲ. ಅದಕ್ಕೇ ಇನ್ನೂ ಉರಿಯಿತು. ಅವಳ ಮೂರು ಬೆರಳಿನ ಕೈಯನ್ನು ಜುಂಜಮ್ಮ ನೋಡಿದಳು. ಹೆಬ್ಬೆರಳು ಇತ್ತು. ಹಗ್ಗ ಹಿಡಿಯಬಹುದಿತ್ತು. ಆ ಮೂರು ಬೆರಳು ನನಗಿದ್ದಿದ್ದರೆ ಮರಿ ಬದುಕುತ್ತಿತ್ತು ಎಂದುಕೊಂಡಳು.

ಜುಂಜಮ್ಮನ ಕೇಸು ಶಿರಾ ಕೋರ್ಟಿನಲ್ಲಿತ್ತು. ನಡೆಸುತ್ತಿದ್ದವಳು ಲೋಹಿತಾ, ಕೊರಟಗೆರೆಯ ಹುಡುಗಿ, ಕರಿ ಕೋಟು ಹಾಕಿ ಹೆಚ್ಚು ದಿನವಾಗಿರಲಿಲ್ಲ. ಕುರಿ ಕಾಯುವ ಹೆಂಗಸು ಎಂದೇ ಅರ್ಜಿಯಲ್ಲಿ ಬರೆದಿದ್ದಳು. ವಿಮೆ ಕಂಪನಿಯ ಪರ ಚಂದ್ರಶೇಖರಯ್ಯ, ತಲೆ ನೆರೆತ ವಕೀಲ. ಪಾಟೀ ಸವಾಲಿಗೆ ಎದ್ದು ನಿಂತು ಬಹಳ ಮೆತ್ತಗೆ ಕೇಳಿದ: "ನಿನಗೆ ಎಷ್ಟು ಕುರಿ ಇವೆಯಮ್ಮ?"

ಹಟ್ಟಿಯಲ್ಲಿ ಕುರಿಯ ಲೆಕ್ಕ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ, ಮಂದೆ ಕರಗುತ್ತದೆ. ನನ್ನವು ಎಂದೂ ಅನ್ನುವುದಿಲ್ಲ. ಕುರಿ ಹಟ್ಟಿಯ ದೇವರು ಜುಂಜಪ್ಪನದು, ಕಾಯುವುದಷ್ಟೇ ನಮ್ಮದು. ಜುಂಜಮ್ಮ ತನ್ನ ಅತ್ತೆ ಹೇಳುತ್ತಿದ್ದಂತೆಯೇ ಹೇಳಿದಳು: "ನಂದೇನೈತೆ ಸ್ವಾಮಿ. ನಂದೇನೂ ಇಲ್ಲ. ಎಲ್ಲಾ ಜುಂಜಪ್ಪಂದು."

"ಜುಂಜಪ್ಪ ಅಂದ್ರೆ ಯಾರು?"

"ನಮ್ಮಪ್ಪ ಸ್ವಾಮಿ."

ಕುರಿಗಳು ಅವಳ ತಂದೆಯವು ಎಂದಾಯಿತು. ಚಂದ್ರಶೇಖರಯ್ಯನಿಗೆ ಅಷ್ಟೇ ಸಾಕಿತ್ತು. ಬೆರಳಚ್ಚುಗಾರ ಟೈಪು ಮಾಡಿದ. ನನ್ನ ಹೆಸರಿನಲ್ಲಿ ಯಾವುದೇ ಕುರಿಗಳು ಇಲ್ಲ ಎಂದರೆ ಸರಿ. ನನಗೆ ಯಾವುದೇ ಕಸುಬಾಗಲಿ ಆದಾಯವಾಗಲಿ ಇಲ್ಲ ಎಂದರೆ ಸರಿ. ಕೊನೆಯಲ್ಲಿ ಎಲ್ಲರ ಹೇಳಿಕೆಯ ಅಡಿಯಲ್ಲೂ ಬರುವ ಸಾಲು ಬಂತು: ಓದಿ ಹೇಳಲಾಯಿತು, ಸರಿಯಿದೆ. ಯಾರೂ ಓದಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು, ಇಳಿ ಎಂದರು. ಲೋಹಿತಾಳಿಗೆ ಹಟ್ಟಿಯ ಮಾತು ತಿಳಿಯದು. ಈ ಹೆಂಗಸು ಯಾಕೆ ಹೀಗೆ ಸುಳ್ಳು ಹೇಳಿತು ಎಂದು ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ರಾಜಲಕ್ಷ್ಮಮ್ಮನ ಕೇಸು ಮುಗಿದೇಹೋಯಿತು. ಅವಳ ತೌರು ಮಧುಗಿರಿ. ಕೇಸನ್ನೂ ಅಲ್ಲೇ ಹಾಕಿಸಿದ್ದರು, ಚೇತನ್ ಕುಮಾರ್ ಎಂಬ ಹೆಸರಾದ ವಕೀಲನ ಕೈಲಿ. ಎರಡು ಬೆರಳಿಗೆ ಪರಿಹಾರ ಚೆನ್ನಾಗಿಯೇ ಬಂತು. ತಿಮ್ಮರಾಯಪ್ಪ ಊರಿಗೆಲ್ಲ ಹೇಳಿಕೊಂಡು ಬಂದ: "ಜಡ್ಜ್ ಸಾಹೇಬ್ರು ಬರ್ದವ್ರೆ ಕಣ್ರಯ್ಯ, ಈಕೆ ದುಡಿಯೋ ಹೆಂಗ್ಸು, ಮನೆ ಹೊಲ ಕುರಿ ಎಲ್ಲಾ ಈಕೇದೇ ಅಂತ."

ದುಡ್ಡಿನ ಸುದ್ದಿಗೆ ಜುಂಜಮ್ಮನಿಗೆ ನಿದ್ದೆ ಕೆಡಲಿಲ್ಲ. ಆ ಮಾತಿಗೆ ಕೆಟ್ಟಿತು. ದುಡಿಯುವ ಹೆಂಗಸು. ಅಷ್ಟು ದೊಡ್ಡವರು, ಅಷ್ಟು ಓದಿದವರು, ಅವಳ ಬಗ್ಗೆ ಬರೆದಿದ್ದರು. ಜುಂಜಮ್ಮ ಅದನ್ನು ಬಾಯಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು. ಕಹಿಯಾಯಿತು. ರಾಜಲಕ್ಷ್ಮಮ್ಮನ ಅಂಗೈ ಮುಟ್ಟಿದವರಿಗೆ ಅದು ಎಷ್ಟು ಮೆತ್ತಗಿದೆಯೆಂದು ಗೊತ್ತು. ಅವಳ ಕೈ ಒಣಗಲಿ ಎಂದು ಶಪಿಸಿದಳು. ಶಪಿಸಿ, ಜುಂಜಪ್ಪ ಕೇಳಿಸಿಕೊಂಡಾನು ಎಂದು ಹೆದರಿ ಕೆನ್ನೆ ಬಡಿದುಕೊಂಡಳು. ಮತ್ತೆ ಶಪಿಸಿದಳು.

ಇನ್ನು ಆ ಚೇತನ್ ಕುಮಾರ್. ಅವನು ಕೆಟ್ಟವನಲ್ಲ. ಅಪಘಾತದ ಕೇಸು ನಡೆಸುವ ವಕೀಲರದೊಂದು ವಾಟ್ಸಾಪ್ ಗುಂಪು ಮಾಡಿದ್ದ. ಯಾವ ತೀರ್ಪು ಎಲ್ಲಿದೆ, ಡಾಕ್ಟರ ಸಾಕ್ಷಿ ಹೇಗೆ ಮಾಡಿಸಬೇಕು, ಕೂಲಿಯವರ ದುಡಿಮೆ ಹೇಗೆ ಸಾಬೀತು ಮಾಡಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಅವನ ವೀಡಿಯೋ ಪಾಠಗಳನ್ನು ರಾಜ್ಯದ ತುಂಬ ನೋಡುತ್ತಿದ್ದರು. ಬಚ್ಚಿಟ್ಟ ವಿದ್ಯೆಯಿಂದ ಕಕ್ಷಿದಾರನಿಗೆ ಏನು ಬಂತು ಎನ್ನುತ್ತಿದ್ದ. ನಿಜವೇ. ದೊಡ್ಡ ವಕೀಲರ ಕೈಕೆಳಗೆ ಪಳಗದ ಲೋಹಿತಾಳಂಥವರು ಅಲ್ಲೇ ಕಲಿತದ್ದು. ಆದರೆ ಅವಳು ಗುಂಪಿನಲ್ಲಿ ಪ್ರಶ್ನೆ ಹಾಕಿದರೆ ಯಾರೂ ಉತ್ತರಿಸುತ್ತಿರಲಿಲ್ಲ. ಅವನು ಶುಭೋದಯ ಎಂದರೂ ನೂರು ಜನ ಕೈ ಮುಗಿಯುತ್ತಿದ್ದರು. ಹೊಟ್ಟೆಕಿಚ್ಚು ಹಟ್ಟಿಯ ಹೆಂಗಸಿಗೆ ಮಾತ್ರ ಇರುತ್ತದೆ ಎಂದುಕೊಳ್ಳಬೇಡಿ.

ಒಂದು ಮಧ್ಯಾಹ್ನ ಲೋಹಿತಾ ತನ್ನ ಕಚೇರಿಯಲ್ಲಿ ಚೇತನ್ ಕುಮಾರನ ಹೊಸ ಪಾಠ ನೋಡುತ್ತಿದ್ದಳು. ಜುಂಜಮ್ಮ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು.

"ಮೇಲೆ ಕೂತ್ಕೊಳಮ್ಮ, ಕುರ್ಚಿ ಇದೆಯಲ್ಲ."

"ಇರ್ಲಿ ತಾಯಿ. ಇಲ್ಲೇ ತಣ್ಣಗೈತೆ."

ಫೋನಿನಲ್ಲಿ ಚೇತನ್ ಕುಮಾರ್ ಹೇಳುತ್ತಿದ್ದ: "ಹಳ್ಳಿ ಹೆಂಗಸರ ದುಡಿಮೆಗೆ ರಸೀದಿ ಇರೋದಿಲ್ಲ. ಒಂದು ಫೋಟೋ ಸಾಕು. ನನ್ನ ಕಕ್ಷಿದಾರರೊಬ್ಬರ ಫೋಟೋ ನೋಡಿ. ಅಪಘಾತಕ್ಕೆ ಮೊದಲು ತೆಗೆದದ್ದು. ಇಷ್ಟು ದೊಡ್ಡ ಮಂದೆ ಸಾಕಿದ ಹೆಣ್ಣುಮಗಳಿಗೆ ಬೆರಳು ಹೋದರೆ ಆ ಮಂದೆಯ ಗತಿಯೇನು? ಹೀಗೆ ವಾದಿಸಬೇಕು."

ಮಂದೆಯ ನಡುವೆ ನಿಂತ ಹೆಂಗಸಿನ ಮುಖ ಕಾಣದಂತೆ ಮಸುಕು ಮಾಡಿದ್ದರು. ಕುರಿಗಳಿಗೆ ಯಾರೂ ಮಸುಕು ಮಾಡಿರಲಿಲ್ಲ. ಜುಂಜಮ್ಮ ಎದ್ದು ಬಂದಳು.

"ತಾಯಿ, ಅದು ನಮ್ ಹರಕಿವಿ."

"ಏನು?"

"ಆ ಟಗರು. ನಾಯಿ ಕಚ್ಚಿ ಕಿವಿ ಹರ್ದಿತ್ತು. ಇವೆಲ್ಲ ನನ್ನವು ತಾಯಿ. ಆ ಬಲೆ ನಾನು ಕಟ್ಟಿದ್ದು. ಆಯಮ್ಮ ಹಿಡ್ಕಂಡಿರೋ ಕೋಲೂ ನಂದೇಯ."

ನನ್ನವು ಎಂದುಬಿಟ್ಟಿದ್ದಳು. ಬಾಯಿ ತಪ್ಪಿ ಬಂದ ಮಾತು ಅದು. ಲೋಹಿತಾ ವೀಡಿಯೋ ನಿಲ್ಲಿಸಿ ಚಿತ್ರ ದೊಡ್ಡದು ಮಾಡಿದಳು. ಟಗರಿನ ಕೊಂಬನ್ನು ಒಂದು ಕೈ ಹಿಡಿದಿತ್ತು. ಕೈ ಮಾತ್ರ. ಮೊಣಕೈಯಿಂದಾಚೆಗೆ ಫೋಟೋ ಮುಗಿದಿತ್ತು. ಮುಂಗೈ ಮೇಲೆ ಚೇಳಿನ ಹಚ್ಚೆ.

ಜುಂಜಮ್ಮನಿಗೆ ಆ ದಿನ ನೆನಪಾಯಿತು. ತಿಮ್ಮರಾಯಪ್ಪ ಹೊಸ ಫೋನು ತಂದಿದ್ದ. ಹೆಂಡತಿಯನ್ನು ಮಂದೆಯ ನಡುವೆ ನಿಲ್ಲಿಸಿದ. ಟಗರು ಗುದ್ದೀತೆಂದು ಜುಂಜಮ್ಮ ಅದರ ಕೊಂಬು ಹಿಡಿದು ನಿಂತಳು. "ಲೇ ಜುಂಜಿ, ಫೋಟೋದಾಗೆ ಬತ್ತೀಯ, ಆಚೆ ಸರಿ" ಎಂದ. "ಟಗರು ಬುಟ್ಟೀಯ ಮತ್ತೆ, ಅದ್ನ ಹಿಡ್ಕಂಡೇ ಸರಿ." ಅವಳು ಎಷ್ಟು ಸರಿಯಬಹುದೋ ಅಷ್ಟು ಸರಿದಿದ್ದಳು. ಕೈಯೊಂದು ಒಳಗೆ ಉಳಿದುಬಿಟ್ಟಿತ್ತು.

ಈಗ ಆ ಬಲಗೈ ಅಲ್ಲಿತ್ತು. ಐದು ಬೆರಳಿದ್ದವು. ಬಿಗಿಯಾಗಿ ಹಿಡಿದಿತ್ತು. ಜುಂಜಮ್ಮ ಎಡಗೈಯನ್ನು ಫೋನಿನ ಪಕ್ಕಕ್ಕೆ ತಂದಿಟ್ಟಳು. ಅದರ ಮೇಲೂ ಅಂಥದೇ ಚೇಳು.

"ನನ್ ಕೈ ತೋರ್ಸಿ ಅವಳು ದುಡ್ದಳು ಅಂದವ್ರೆ" ಎಂದಳು ಜುಂಜಮ್ಮ. "ಇದ್ದಾಗ್ಲೂ ಅವಳ ಹೊಲಕ್ಕೇ ದುಡೀತು. ಹೋದ್ಮೇಲೂ ಅವಳಿಗೇ ದುಡೀತಲ್ಲ ತಾಯಿ."

ಲೋಹಿತಾ ವೀಡಿಯೋ ತನ್ನ ಫೋನಿಗೆ ಇಳಿಸಿಕೊಂಡು ಗುಂಪಿಗೆ ಬರೆದಳು: ಸರ್, ಈ ಚಿತ್ರದ ಕುರಿಗಳನ್ನು ಸಾಕಿದವಳು ನನ್ನ ಕಕ್ಷಿದಾರಳು. ಅಂಚಿನಲ್ಲಿರುವ ಕೈಯೂ ಅವಳದೇ. ಅದೇ ಬಸ್ಸಿನಲ್ಲಿ ಆ ಕೈ ಹೋಯಿತು.

ಅಲ್ಲಿಯವರೆಗೆ ಆ ಪಾಠಕ್ಕೆ ಗುಂಪಿನಲ್ಲಿ ಚಪ್ಪಾಳೆಗಳು ಬೀಳುತ್ತಿದ್ದವು. ನಿಂತುಹೋದವು. ಯಾರೋ ಬರೆದರು: ಇದು ಜ್ಞಾನ ಹಂಚುವ ಗುಂಪು, ವೈಯಕ್ತಿಕ ಜಗಳ ಬೇಡ. ಇನ್ನೊಬ್ಬರು ಅದಕ್ಕೆ ಕೈ ಮುಗಿದರು. ಆಮೇಲೆ ಲೋಹಿತಾಳನ್ನು ಗುಂಪಿನಿಂದ ತೆಗೆದರು. ವೀಡಿಯೋ ಕೂಡ ಕಾಣೆಯಾಯಿತು. ಸಂಜೆಗೆ ಚೇತನ್ ಕುಮಾರನೇ ಫೋನು ಮಾಡಿದ. "ಕಕ್ಷಿದಾರರು ಫೋಟೋ ಕೊಟ್ರು, ನಾನು ಹಾಕಿದೆ. ಕುರಿ ಯಾರದು ಅಂತ ನಾನು ಹೇಗೆ ಕೇಳಲಿ ಮೇಡಂ? ನೀವು ನನಗೊಂದು ಮಾತು ಹೇಳಬಹುದಿತ್ತು. ಎಲ್ಲರ ಮುಂದೆ ಹಾಕಿದ್ದು ಸರಿಯಲ್ಲ." ಎಲ್ಲರ ಮುಂದೆ ಕುರಿ ತೋರಿಸಿದ್ದು ಸರಿ. ಎಲ್ಲರ ಮುಂದೆ ಕುರಿಯವಳನ್ನು ತೋರಿಸಿದ್ದು ತಪ್ಪು!

ಆದರೆ ಆ ಗುಂಪಿನಲ್ಲೇ ಇದ್ದ ಪಾವಗಡದ ಮುದಿ ವಕೀಲ ಗಂಗಹನುಮಯ್ಯ ಲೋಹಿತಾಳಿಗೆ ಬೇರೆಯಾಗಿ ಧ್ವನಿಸಂದೇಶ ಕಳಿಸಿದ. ಆ ಕಡೆಯವರ ಮಾತಿನಲ್ಲಿ ಅರ್ಧ ತೆಲುಗು. "ಊರ್ಕೆ ಸುಮ್ನೆ ಅಳ್ತಾ ಕೂತ್ಕೋಬೇಡಮ್ಮಾ. ಮಧುಗಿರಿ ಫೈಲಿಂದ ಆ ಫೋಟೋದ ನಕಲು ತೆಗ್ಸು. ನಿನ್ನ ಸಾಕ್ಷೀನ ವಾಪಸ್ ಕರ್ಸಾಕೆ ಅರ್ಜಿ ಹಾಕು. ಫೋಟೋದಾಗೆ ನಿಂತಿರೋಳಿಗೂ ಸಮನ್ಸ್ ಕೊಡ್ಸು. ಹೊಲದವರಿಗಿಂತ ಒಳ್ಳೆ ಸಾಕ್ಷಿ ಎಲ್ಲಿ ಸಿಕ್ತದೆ? ಅಂತೇ, ಅಷ್ಟೇ."

ರಾಜಲಕ್ಷ್ಮಮ್ಮನಿಗೆ ಸಮನ್ಸ್ ತಲುಪಿದ ದಿನ ತಿಮ್ಮರಾಯಪ್ಪ ಹೊಲಕ್ಕೆ ಬಂದ. ಜುಂಜಮ್ಮ ಗೂಟ ಹೊಡೆಯುತ್ತಿದ್ದಳು. ಕಾಟಪ್ಪ ಕುರಿಗಳನ್ನು ತಿರುಗಿಸುತ್ತಿದ್ದ.

"ಏನಮ್ಮಿ, ನಮ್ಮನೆ ಹೆಂಗ್ಸನ್ನ ಕಟಕಟೆಗೆ ಎಳೀತೀಯಂತೆ?"

"ಕುರಿ ಯಾರ್ವು ಅಂತ ಹೇಳಾಕೆ ಗೌಡ್ರೆ. ಅಷ್ಟೇಯ."

"ನಮ್ಮ ಹೊಲ್ದಾಗೆ ನಿಂತ ಕುರಿ, ನಮ್ಮ ಫೋನ್ನಾಗೆ ತೆಗ್ದ ಫೋಟೋ. ನಿಂದೇನೈತೆ ಅದ್ರಾಗೆ?"

"ನನ್ ಕೈ ಐತೆ."

ತಿಮ್ಮರಾಯಪ್ಪ ಕಾಟಪ್ಪನ ಕಡೆಗೆ ತಿರುಗಿದ. "ನೋಡಯ್ಯ, ಈ ಕೇಸು ವಾಪಸ್ ತಗಂಡ್ರೆ ಸರಿ. ಇಲ್ಲಾಂದ್ರೆ ನಿನ್ ಕುರಿ ನಮ್ಮ ಹೊಲ ತುಳಿಯಂಗಿಲ್ಲ. ನಮ್ಮೋರ ಯಾರ ಹೊಲಾನೂ ತುಳಿಯಂಗಿಲ್ಲ. ಎಲ್ಲಿ ಮೇಯಿಸ್ತೀಯೋ ಮೇಯಿಸ್ಕ."

ಅವನು ಹೋದ ಮೇಲೆ ಕಾಟಪ್ಪ ಕುಸಿದು ಕೂತ. "ನೀರ್ನಾಗಿದ್ಕಂಡು ಮೊಸಳೆ ಜೊತೆ ಹಗೆ ಕಟ್ಕಂಡಂಗಾಯ್ತು. ಯಾಕಮ್ಮಿ ಬೇಕು? ಆಯಮ್ಮಂಗೆ ಸಿಕ್ತು, ತಿನ್ಲಿ. ನಿಂಗೆ ಹೊಟ್ಟೆಕಿಚ್ಚು, ಅಷ್ಟೇಯ."

"ಊಂ, ಹೊಟ್ಟೆಕಿಚ್ಚೇಯ" ಎಂದಳು ಜುಂಜಮ್ಮ. "ಆಸ್ಪತ್ರೇಲಿ ಅವಳ ಮೂಸಂಬಿ ನೋಡಿ ಉರ್ದೆ. ಅವಳ ಮೂರು ಬೆಳ್ಳು ನೋಡಿ ಉರ್ದೆ. ಅವೆಲ್ಲ ಅವಳ್ದು ಬುಡು. ಆದ್ರೆ ದುಡಿಯೋ ಹೆಂಗ್ಸು ಅಂತ ಬರ್ದವ್ರಲ್ಲ, ಅದು ನನ್ ಮಾತು. ನನ್ ಕೈಗೆ ಬರ್ದಿದ್ದು. ಅದ್ನ ಬುಡಾಕಿಲ್ಲ."

ಹೊಡೆದ ಗೂಟಕ್ಕೆ ಎಡಗೈ ಹಾಕಿದಳು. ಬರಲಿಲ್ಲ. ಕಾಲು ಕೊಟ್ಟು, ಹೆಗಲು ಕೊಟ್ಟು, ಅಲುಗಿಸಿ ಕಿತ್ತಳು. ಎರಡನೆಯದು ಕಿತ್ತಳು. ಬಲೆಯ ಗಂಟನ್ನು ಹಲ್ಲಲ್ಲಿ ಬಿಚ್ಚಿದಳು. ವಸಡಿನಿಂದ ರಕ್ತ ಬಂತು, ಉಗಿದಳು. ಅರ್ಧ ಹೊಲಕ್ಕೆ ಗೊಬ್ಬರವಾಗಿತ್ತು, ಅರ್ಧ ಹಾಗೇ ಉಳಿಯಿತು. ಕಾಟಪ್ಪ ಆಮೇಲೆ ಎದ್ದು ಉಳಿದ ಗೂಟಗಳನ್ನು ಕಿತ್ತ. ಆದರೆ ಒಂದು ಮಾತು ಹೇಳಿದ. "ಕೋರ್ಟ್ನಾಗೆ ಕುರಿ ಲೆಕ್ಕ ಮಾತ್ರ ಹೇಳ್ಬೇಡ. ಮಂದೆ ಹಾಳಾಗ್ತದೆ."

ಕೋರ್ಟಿನಲ್ಲಿ ಮೊದಲು ರಾಜಲಕ್ಷ್ಮಮ್ಮ ಕಟಕಟೆ ಹತ್ತಿದಳು. ರೇಷ್ಮೆ ಸೀರೆ ಉಟ್ಟಿದ್ದಳು. ಲೋಹಿತಾ ಫೋಟೋ ಮುಂದಿಟ್ಟು ಕೇಳಿದಳು: "ಈ ಕುರಿಗಳು ಯಾರವು?"

"ನಮ್ಮ ಹೊಲ ಅದು."

"ಹೊಲ ನಿಮ್ಮದೇ. ಕುರಿ?"

"ಹೊಲ್ದಾಗಿದ್ವು."

"ಈ ಕೈ ಯಾರದು?"

ರಾಜಲಕ್ಷ್ಮಮ್ಮ ಫೋಟೋ ನೋಡಲಿಲ್ಲ. ಗಂಡನನ್ನು ನೋಡಿದಳು. ಆಮೇಲೆ ಜುಂಜಮ್ಮನನ್ನು ನೋಡಿದಳು. "ಗೊತ್ತಿಲ್ಲ" ಎಂದಳು. ಎನ್ನುತ್ತಾ ತನ್ನ ಮೂರು ಬೆರಳಿನ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಜುಂಜಮ್ಮನ ಹೊಟ್ಟೆಯಲ್ಲಿ ಮತ್ತೆ ಬೆಂಕಿ ಬಿತ್ತು. ಮುಚ್ಚಿಟ್ಟುಕೊಳ್ಳಲಾದರೂ ಅವಳಿಗೊಂದು ಕೈ ಇತ್ತಲ್ಲ.

ರಾಜಲಕ್ಷ್ಮಮ್ಮ ಇಳಿದು ಹಿಂದಿನ ಬೆಂಚಿನಲ್ಲಿ ಕೂತಳು. ಆಮೇಲೆ ಜುಂಜಮ್ಮ ಹತ್ತಿದಳು. ಲೋಹಿತಾ ಕೇಳಿದ್ದಕ್ಕೆಲ್ಲ ಹೇಳಿದಳು. ಗೂಟ ಹೊಡೆಯುವುದು, ಬಲೆ ಕಟ್ಟುವುದು, ಮರಿ ತೆಗೆಯುವುದು. ಎಡಗೈಯ ಹಚ್ಚೆ ತೋರಿಸಿದಳು. ಚಂದ್ರಶೇಖರಯ್ಯ ಮೊದಲಿನ ಹೇಳಿಕೆ ಹಿಡಿದುಕೊಂಡು ಎದ್ದ.

"ಅವತ್ತು ಕುರಿ ಇಲ್ಲ ಅಂದಿದ್ದೀಯ. ಇವತ್ತು ಮಂದೆ ಇದೆ ಅಂತೀಯ. ಯಾವುದು ನಿಜ?"

"ಎರಡೂ ನಿಜ ಸ್ವಾಮಿ."

ಕೆಲವರು ನಕ್ಕರು.

"ಹಾಗಾದರೆ ಎಷ್ಟು ಕುರಿ ಅಂತ ಲೆಕ್ಕ ಹೇಳು. ಸಾಕಿದವಳಿಗೆ ಲೆಕ್ಕ ಗೊತ್ತಿರಲೇಬೇಕು. ಹೇಳದಿದ್ದರೆ ಸುಳ್ಳು ಹೇಳ್ತಿದ್ದೀಯ ಅಂತ ಬರೆಸ್ತೀನಿ."

ಲೋಹಿತಾ ಕಣ್ಣಲ್ಲೇ ಬೇಡಿಕೊಂಡಳು. ಒಂದು ಸಂಖ್ಯೆ, ಅಷ್ಟೇ. ಹಿಂದೆ ಬಾಗಿಲ ಬಳಿ ಕಾಟಪ್ಪ ತಲೆ ತಗ್ಗಿಸಿ ನಿಂತಿದ್ದ. ಸಂಖ್ಯೆ ಜುಂಜಮ್ಮನ ನಾಲಗೆಯ ಮೇಲೇ ಇತ್ತು. ನುಂಗಿದಳು.

"ಕುರಿ ಜುಂಜಪ್ಪಂದು" ಎಂದಳು. "ಜುಂಜಪ್ಪ ಅಂದ್ರೆ ನಮ್ಮ ದ್ಯಾವ್ರು. ಅವತ್ತೂ ಅದೇ ಅಂದೆ, ನೀವು ಕಸುಬಿಲ್ಲದೋಳು ಅಂತ ಬರ್ಕಂಡ್ರಿ. ಲೆಕ್ಕ ಹೇಳಾಕಿಲ್ಲ. ಏನಾದ್ರೂ ಬರ್ಕಳಿ. ಆದ್ರೆ ಆ ಫೋಟೋದಾಗಿನ ಕೈ ಜುಂಜಪ್ಪಂದಲ್ಲ. ಗೌಡ್ರುದಲ್ಲ. ಆಯಮ್ಮಂದಲ್ಲ. ನಂದು. ಮೊದ್ಲು ಅದ್ನ ಬರ್ಕಳಿ."

ಬೆರಳಚ್ಚುಗಾರ ನ್ಯಾಯಾಧೀಶರ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಟೈಪು ಮಾಡಿದ. ಮುಗಿದ ಮೇಲೆ ಎಂದಿನ ಸಾಲೂ ಬಂತು: ಓದಿ ಹೇಳಲಾಯಿತು, ಸರಿಯಿದೆ. ಹಾಳೆಯನ್ನೂ ಮಸಿಯ ಡಬ್ಬಿಯನ್ನೂ ಮುಂದೆ ತಂದು, ಒತ್ತು ಎಂದ.

ಜುಂಜಮ್ಮ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಓದು" ಎಂದಳು.

"ಟೈಮಾಯ್ತಮ್ಮ, ಒತ್ತು."

"ಓದಿದ್ರೆ ಒತ್ತೀನಿ. ಓದು."

ಅವನು ಹಾಳೆ ಎತ್ತಿ, ಮೊದಲಿನಿಂದ ಕೊನೆಯವರೆಗೆ ಓದಿದ. ಕೊನೆಗೆ ಅವಳು ಬರೆಸಿದ ಮಾತು ಬಂತು. "ಚಿತ್ರದಲ್ಲಿ ಟಗರಿನ ಕೊಂಬು ಹಿಡಿದಿರುವ ಕೈ ನನ್ನದು."

"ಇನ್ನೊಂದ್ ಸಲ ಓದಪ್ಪ" ಎಂದಳು ಜುಂಜಮ್ಮ. "ಆಯಮ್ಮಂಗೆ ಕೇಳ್ಲಿಲ್ಲ."

ಅವನು ಮತ್ತೆ ಓದಿದ.